ಮಗಳಿಗೊಂದು ಪತ್ರ: ಬೈಗುಳಕ್ಕೂ ಒಂದು ಲೆಕ್ಕ ಇಡು

ಮಂಡ್ಯ

ಪ್ರೀತಿಯ ಮಗಳಿಗೆ ಆಶೀರ್ವಾದ.

ನಿಮ್ಮ ಗಾರ್ಮೆಂಟ್ ಫ್ಯಾಕ್ಟರಿಯ ಸೂಪರ್‌ವೈಸರ್ ಇಡೀ ಲೈನಿನ ಎದುರು ಬಾಯಿಗೆ ಬಂದಂತೆ ಬೈಯುತ್ತಾನೆ ಅನ್ನುವುದನ್ನು ನೀನು ಒಂದು ದಿನ ಹೇಳಿದೆ. ಉರಿಮೂತ್ರ, ಕುತ್ತಿಗೆ ನೋವು, ರಾತ್ರಿ ನಿದ್ದೆ ಬರಲ್ಲ ಅನ್ನುವುದನ್ನು ಇನ್ನೊಂದು ದಿನ ಹೇಳಿದೆ. ಎರಡೂ ಒಂದೇ ಕಣವ್ವ. ಬೇರೆ ಬೇರೆ ಅಂದುಕೊಂಡರೆ ಒಂದಕ್ಕೆ ಮಾತ್ರೆ ನುಂಗುತ್ತೀಯ, ಇನ್ನೊಂದನ್ನು ಸಹಿಸುತ್ತೀಯ, ಎರಡೂ ವಾಸಿಯಾಗಲ್ಲ.

ಮೊದಲು ಟಾರ್ಗೆಟ್ಟಿನ ಲೆಕ್ಕ ನೋಡು. ಒಂದು ಆಪರೇಶನ್‌ಗೆ, ಅಂದರೆ ಹೊಲಿಗೆಯ ಒಂದು ಹಂತಕ್ಕೆ, 0.75 ನಿಮಿಷ ಸ್ಯಾಮ್ (ಆ ಹಂತಕ್ಕೆ ಇಷ್ಟು ಹೊತ್ತು ಅಂತ ಗೊತ್ತುಮಾಡಿದ ಸಮಯ) ಅಂತ ಇಟ್ಟರೆ ಗಂಟೆಗೆ 80 ಪೀಸ್. ಆಯಾಸಕ್ಕೆ, ನೀರಿಗೆ, ಟಾಯ್ಲೆಟ್ಟಿಗೆ ಬೇಕಾದ ಸಮಯವೂ ಆ ಸ್ಯಾಮ್‌ನೊಳಗೇ ಸೇರಿರಬೇಕು, ಅದು ಲೆಕ್ಕ ಹಾಕುವ ಪದ್ಧತಿ. ಆದರೆ ಸೂಜಿ ಮುರಿಯುತ್ತೆ, ಹಿಂದಿನವಳಿಂದ ಬಂಡಲ್ ಬರಲ್ಲ, ಹೊಸ ಸ್ಟೈಲ್ ಬಂದಾಗ ಮೊದಲೆರಡು ದಿನ ಕೈ ಪಳಗಿರಲ್ಲ. ಬೋರ್ಡಿನ ಮೇಲಿನ 80 ಮಾತ್ರ ಹಾಗೇ ಇರುತ್ತೆ. ಹತ್ತು ನಿಮಿಷ ಎದ್ದು ಹೋದರೆ 13 ಪೀಸ್ ಹಿಂದೆ ಬೀಳುತ್ತೀಯ. ಸೂಪರ್‌ವೈಸರ್‌ಗೆ ಮೆಶಿನ್ ಹೆಚ್ಚಿಸುವ ಅಧಿಕಾರವಿಲ್ಲ, ಡೆಲಿವರಿ ದಿನ ಮುಂದೂಡುವ ಅಧಿಕಾರವಿಲ್ಲ, ಅವನ ಹತ್ತಿರ ಇರೋದು ಬಾಯಿ ಒಂದೇ. ಅವನು ಮಾಡಿದ್ದು ಸರಿ ಅಂತ ಹೇಳ್ತಿಲ್ಲ. ನೀನು ದೂರು ಬರೆದಾಗ ಅವನ ಮಾತಿನ ಜೊತೆ ಆ ಗಂಟೆಯ ಟಾರ್ಗೆಟ್ ಎಷ್ಟಿತ್ತು ಅಂತಲೂ ಬರಿ. ಇಲ್ಲದಿದ್ದರೆ ಅವನನ್ನು ಬೇರೆ ಲೈನಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ, ಬಂದವನೂ ಅದನ್ನೇ ಮಾಡುತ್ತಾನೆ.

ಇನ್ನು ಮೈಯ ವಿಷಯ. ಎದ್ದರೆ ಬೈಸಿಕೊಳ್ಳಬೇಕಲ್ಲ ಅಂತ ಬೆಳಗ್ಗೆಯಿಂದಲೇ ನೀರು ಕಡಿಮೆ ಕುಡಿಯುತ್ತೀಯ, ಬಂದದ್ದನ್ನು ತಡೆದುಕೊಳ್ಳುತ್ತೀಯ. ನಿಂತ ಮೂತ್ರದಲ್ಲಿ ಸೋಂಕು ಬೆಳೆಯುವುದಕ್ಕೆ ಇಷ್ಟು ಸಾಕು. ಕುತ್ತಿಗೆಯೂ ಹಾಗೇ: ಯಾವಾಗ ಕೂಗುತ್ತಾನೋ ಅನ್ನುವ ಅಂಜಿಕೆಯಲ್ಲಿ ಭುಜದ ಸ್ನಾಯು ಬಿಗಿಹಿಡಿದೇ ಇರುತ್ತೆ, ಅದರ ಮೇಲೆ ಬಗ್ಗಿ ಹೊಲಿಯುವ ಕೆಲಸ. ಅದಕ್ಕೆ ನೋವಿನ ಮಾತ್ರೆ ತಗೊಳ್ತೀಯ, ಅದೂ ಬರೀ ಹೊಟ್ಟೆಯಲ್ಲಿ. ಡೈಕ್ಲೋಫೆನಾಕ್ ಥರದ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ. ನೀರು ಕುಡಿಯದ ಮೈಗೆ ಅದು ದಿನಾ ಬಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು. ಮೆಡಿಕಲ್ ಶಾಪಿನವನನ್ನು ಕೇಳಿ ತಗೊಳ್ಳೋದನ್ನು ಇವತ್ತಿಗೇ ನಿಲ್ಲಿಸು. ಉರಿಮೂತ್ರಕ್ಕೆ ಮೊದಲು ಮೂತ್ರ ಪರೀಕ್ಷೆ, ಆಮೇಲೆ ಮಾತ್ರೆ. ಕೊಟ್ಟಷ್ಟೂ ದಿನ ನುಂಗಬೇಕು, ಉರಿ ಹೋಯ್ತು ಅಂತ ನಡುವೆ ಬಿಡಬಾರದು. ಚಳಿಜ್ವರ ಬಂದು ಸೊಂಟದ ಮೇಲ್ಭಾಗ ಪಕ್ಕೆಯಲ್ಲಿ ನೋವು ಶುರುವಾದರೆ ರಜೆ ಸಿಗುತ್ತೋ ಇಲ್ಲವೋ ಅಂತ ನೋಡಬೇಡ, ಅವತ್ತೇ ಆಸ್ಪತ್ರೆಗೆ ಹೋಗು.

ಓಟಿಯ, ಅಂದರೆ ಓವರ್‌ಟೈಮಿನ, ಲೆಕ್ಕವನ್ನೂ ಹಾಕು. ದಿನಕ್ಕೆ ಎಂಟು ಗಂಟೆ, ಆರು ದಿನಕ್ಕೆ 48. ಮೇಲೆ ದಿನಾ ಎರಡು ಗಂಟೆ ನಿಲ್ಲಿಸಿಕೊಂಡರೆ 60. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಪ್ರತಿಶತ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ನಿನ್ನ ವಯಸ್ಸಿಗೆ ಅದು ನಾಳೆ ಬರುವ ಕಾಯಿಲೆಯಲ್ಲ, ಹೆದರಬೇಡ. ಆದರೆ ಬಿಪಿ ಒಮ್ಮೆ ನೋಡಿಸು, ಐದು ನಿಮಿಷ ಸುಮ್ಮನೆ ಕೂತ ಮೇಲೆ. 140/90 ದಾಟಿದ್ದರೆ ಇನ್ನೊಂದು ದಿನ ಮತ್ತೆ ನೋಡಿಸು. ಓಟಿಗೆ ದುಪ್ಪಟ್ಟು ಕೂಲಿ ಬರಬೇಕು. ಟಾರ್ಗೆಟ್ ಮುಗಿಯಲಿಲ್ಲ ಅಂತ ನಿಲ್ಲಿಸಿಕೊಂಡದ್ದೂ ಓಟಿಯೇ.

ಈಗ ಒಂದು ನೋಟ್‌ಬುಕ್ ತಗೋ. ಫ್ಲೋರಿಗೆ ಫೋನ್ ಬಿಡಲ್ಲ ಅಂದೆಯಲ್ಲ, ಹಾಗಾಗಿ ಅವತ್ತಿನದನ್ನು ಅವತ್ತೇ ಸಂಜೆ ಬರಿ. ತಾರೀಕು, ಗಂಟೆ, ಲೈನ್ ನಂಬರು, ಅವನು ಆಡಿದ ಮಾತು ಆಡಿದ ಹಾಗೇ. ‘ಕೆಟ್ಟದಾಗಿ ಬೈದ’ ಅಂತ ಬರೆದರೆ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಬರೆಯಲು ನಾಚಿಕೆಯಾಗುವ ಮಾತಾದರೂ ಬರಿ, ನಾಚಬೇಕಾದವಳು ನೀನಲ್ಲ. ಪಕ್ಕದಲ್ಲಿ ಯಾರಿದ್ದರು, ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು, ಎಷ್ಟು ಸಲ ಟಾಯ್ಲೆಟ್ಟಿಗೆ ಹೋಗಲು ಬಿಟ್ಟರು, ರಾತ್ರಿ ಎಷ್ಟು ಹೊತ್ತು ನಿದ್ದೆ. ಮೈಯ ವಿಷಯವೂ ಬೈಗುಳವೂ ಒಂದೇ ಹಾಳೆಯಲ್ಲಿ ಇರಲಿ. ಪುಸ್ತಕ ಫ್ಯಾಕ್ಟರಿ ಲಾಕರಿನಲ್ಲಿ ಇಡಬೇಡ.

ಡಾಕ್ಟರ ಹತ್ತಿರವೂ ಬರೀ ಉರಿ ಅನ್ನಬೇಡ. ಕೆಲಸದಲ್ಲಿ ಎದ್ದು ಹೋಗಲು ಬಿಡುವುದಿಲ್ಲ ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಿರಿ ಅಂತ ಕೇಳು. ಸಂಬಳದಲ್ಲಿ 0.75 ಪ್ರತಿಶತ ಇಎಸ್‌ಐಗೆ, ಅಂದರೆ ಕಾರ್ಮಿಕರ ವಿಮೆಗೆ, ಕಟ್ಟುತ್ತಿದ್ದೀಯ, ಮಾಲೀಕರದು 3.25. ಅದು ನಿನ್ನ ದುಡ್ಡು. ಮೈಸೂರಿನ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆ ದೂರ ಅಂತ ಬಿಡಬೇಡ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ರಜೆಗೆ ಕೂಲಿಯ 70 ಪ್ರತಿಶತ ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಮೊದಲೆರಡು ದಿನಕ್ಕೆ ಸಿಗಲ್ಲ. ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಮನೆಯಲ್ಲಿ ಮಲಗಿದರೆ ಅದು ಗೈರುಹಾಜರಿ ಅಷ್ಟೇ. ನಿದ್ದೆ ಬರದೆ ತಲೆ ತುಂಬಾ ಓಡುವ ರಾತ್ರಿ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ದೂರು ಎಲ್ಲಿಗೆ ಅನ್ನೋದು ಮಾತು ಯಾವುದು ಅನ್ನೋದರ ಮೇಲಿದೆ. ಪೀಸ್ ಕಡಿಮೆಯಾಯ್ತು ಅಂತ ಬೈದದ್ದು, ಟಾಯ್ಲೆಟ್ಟಿಗೆ ಬಿಡದ್ದು, ಓಟಿ ಕೊಡದ್ದು ಕುಂದುಕೊರತೆ ಸಮಿತಿಗೆ. 20 ಕಾರ್ಮಿಕರಿದ್ದರೆ ಆ ಸಮಿತಿ ಇರಲೇಬೇಕು. ಅಲ್ಲಿ ಆಗದಿದ್ದರೆ ಕಾರ್ಮಿಕ ಇಲಾಖೆ. ಮೈಮುಟ್ಟಿದ್ದು, ಎರಡರ್ಥದ ಮಾತು, ಹೆಣ್ಣು ಅಂತಲೇ ಆಡಿದ ಹೊಲಸು ಮಾತು ಫ್ಯಾಕ್ಟರಿಯ ಆಂತರಿಕ ಸಮಿತಿಗೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ. ಅಂಥ ಕಿರುಕುಳದ ಜೊತೆಗೆ ಆರೋಗ್ಯ ಕೆಡುವಂತೆ ಅವಮಾನ ಮಾಡಿದ್ದನ್ನೂ ಆ ಕಾನೂನು ಹೆಸರಿಟ್ಟು ಹೇಳಿದೆ, ಅದಕ್ಕೇ ಡಾಕ್ಟರ ಹತ್ತಿರ ಚೀಟಿ ಬರೆಸಿಕೋ ಅಂದದ್ದು, ಅದನ್ನು ದೂರಿಗೆ ಲಗತ್ತಿಸು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಬರಹದಲ್ಲಿ, ಆರು ಪ್ರತಿ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರಲ್ಲಿ ಲೈನ್ ಬದಲಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಬೇಕೆಂದು ಬರೆದು ಕೇಳಬಹುದು. ಕೇಳದಿದ್ದರೆ ತಾವಾಗಿ ಕೊಡಲ್ಲ. ಮಾಲೀಕನ ಮೇಲೇ ದೂರಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ.

ಎಚ್‌ಆರ್‌ಗೆ ಬಾಯಲ್ಲಿ ಹೇಳಿ ಬರಬೇಡ. ಪ್ರತಿಯ ಮೇಲೆ ಸೀಲು ಹಾಕಿಸಿಕೋ, ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಪಕ್ಕದ ಮೆಶಿನಿನವರು ಸಹಿ ಹಾಕಲು ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೆ ಅವರ ಮೇಲೆ ಸಿಟ್ಟಾಗಬೇಡ, ಅವರಿಗೂ ಮನೆ ಇದೆ. ಖಾಲಿ ಹಾಳೆಗೆ ಸಹಿ ಹಾಕು ಅಂದರೆ ಹಾಕಬೇಡ, ರಾಜೀನಾಮೆ ಬರೆದುಕೊಡು ಅಂದರೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅನ್ನು. ವಕೀಲರ ಖರ್ಚಿಗೆ ಹೆದರಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ.

ಕೆಲಸ ಬಿಡಲೇಬೇಕು ಅನ್ನಿಸಿದರೆ ಬಿಡು, ನಾವು ಬೇಡ ಅನ್ನಲ್ಲ. ಸಿಟ್ಟಿನಲ್ಲಿ ಅರ್ಧ ದಿನಕ್ಕೆ ಎದ್ದು ಬರಬೇಡ ಅಷ್ಟೇ, ಬಾಕಿ ಕೂಲಿ, ಪಿಎಫ್, ಅನುಭವ ಪತ್ರ ಎಲ್ಲಕ್ಕೂ ಅದೇ ನೆಪ ಆಗುತ್ತೆ. ಭಾನುವಾರ ಬರುವಾಗ ಮೂರು ತಿಂಗಳ ಪೇ ಸ್ಲಿಪ್ ತಗೊಂಡು ಬಾ, ಓಟಿ ಎಷ್ಟು ಬಾಕಿ ಅಂತ ಕೂತು ಕೂಡೋಣ.

ನಿನ್ನ
ಅವ್ವ