ಪೋಕರ್ ಟೂರ್ನಿ: ಮೊದಲ ಎರಡು ಎಲೆಗಳ ಲೆಕ್ಕ

ಮಾನ್ಯರೇ,

ಪೋಕರ್ ಅದೃಷ್ಟದ ಆಟವೋ ಕೌಶಲದ ಆಟವೋ ಎಂಬ ಚರ್ಚೆ ಎದ್ದಾಗಲೆಲ್ಲ ಎಲ್ಲರ ಕಣ್ಣು ಮೇಜಿನ ಮೇಲೆ ತೆರೆಯುವ ಕೊನೆಯ ಎಲೆಯ ಮೇಲೆಯೇ ಇರುತ್ತದೆ. ಟೂರ್ನಿಗಳಲ್ಲಿ ಬಲ್ಲವರ ಜಾಣತನ ಹೆಚ್ಚಾಗಿ ಕಾಣುವುದು ಅದಕ್ಕೂ ಬಹಳ ಮೊದಲು, ಕೈಗೆ ಬಂದ ಎರಡು ಎಲೆಗಳನ್ನು ಆಡಬೇಕೋ ಬಿಡಬೇಕೋ ಎಂದು ತೀರ್ಮಾನಿಸುವಲ್ಲಿ. (ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡಿಸುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ನನ್ನ ಮಾತು ಆಟದ ಒಳಗಿನ ಲೆಕ್ಕಕ್ಕಷ್ಟೇ ಸೀಮಿತ.)

ರಮ್ಮಿ ಆಡುವವರಿಗೆ ‘ಡ್ರಾಪ್’ ಹೊಸದಲ್ಲ. ಅಲ್ಲಿ ಮೊದಲೇ ಕೈಬಿಟ್ಟರೂ ಸಾಮಾನ್ಯವಾಗಿ 20 ಪಾಯಿಂಟ್ ತೆರಬೇಕು. ಟೆಕ್ಸಾಸ್ ಹೋಲ್ಡಮ್ ಎಂಬ ಪೋಕರ್ ಬಗೆಯಲ್ಲಿ ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಪಣ) ಅಥವಾ ಆ್ಯಂಟಿ (ಹಂಚುವ ಮೊದಲೇ ಕಟ್ಟುವ ಸಣ್ಣ ಪಣ) ಕಟ್ಟಿರದವನಿಗೆ ಬಿಡುವುದು ಪುಕ್ಕಟೆ. ಹಾಗೆಂದು ಎಕ್ಕದ ಜೋಡಿಗಾಗಿ ಕಾಯುತ್ತ ಕೂರುವಂತಿಲ್ಲ. ಎರಡು ಎಲೆಗಳ 1,326 ಜೋಡಣೆಗಳಲ್ಲಿ ಅದಕ್ಕೆ ಸಿಗುವುದು ಆರು ಮಾತ್ರ, ಅಂದರೆ ಸರಾಸರಿ 221 ಸಲಕ್ಕೊಮ್ಮೆ. ಅಷ್ಟರೊಳಗೆ ಏರುತ್ತಲೇ ಹೋಗುವ ಬ್ಲೈಂಡ್‌ಗಳು ನಮ್ಮ ಚಿಪ್‌ಗಳನ್ನು (ಪಣದ ಬಿಲ್ಲೆಗಳನ್ನು) ನುಂಗಿರುತ್ತವೆ.

ಆದ್ದರಿಂದ ‘ಒಳ್ಳೆಯ ಎಲೆಗಳ ಪಟ್ಟಿ’ಯನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನೂರು ಬಿಗ್ ಬ್ಲೈಂಡ್‌ನಷ್ಟು (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದರ ನೂರರಷ್ಟು) ಚಿಪ್ ಇದ್ದಾಗ ಒಂದೇ ಜಾತಿಯ ಏಳು-ಆರು ಹಿಡಿದು ಬಟನ್‌ನಿಂದ (ಎಲೆ ಹಂಚುವವನ ಜಾಗದಿಂದ) ಆಡುವುದು ಸರಿಯೇ. ಚಿಪ್ ಹತ್ತು ಬಿಗ್ ಬ್ಲೈಂಡ್‌ಗಿಳಿದಾಗ, ಎದುರಾಳಿಯ ಆಲ್-ಇನ್‌ಗೆ (ಇದ್ದ ಚಿಪ್‌ಗಳನ್ನೆಲ್ಲ ಪಣಕ್ಕಿಡುವುದಕ್ಕೆ) ಅದೇ ಎಲೆ ಹಿಡಿದು ಕಾಲ್ ಮಾಡುವುದು, ಅಂದರೆ ಅಷ್ಟೇ ಪಣ ಕಟ್ಟಿ ಒಪ್ಪುವುದು, ದುಡುಕು. ಎಕ್ಕ-ರಾಜನ ಬಲವಿರುವುದು ಅದರ ಅಂದದಲ್ಲಲ್ಲ: ತಲಾ ಒಂದೊಂದು ನಮ್ಮ ಕೈಯಲ್ಲಿರುವುದರಿಂದ ಎದುರಾಳಿಗೆ ಎಕ್ಕದ ಜೋಡಿಯಾಗಲಿ ರಾಜನ ಜೋಡಿಯಾಗಲಿ ಸಿಗುವ ಬಗೆಗಳು ಆರರಿಂದ ಮೂರಕ್ಕಿಳಿಯುತ್ತವೆ. ಅಷ್ಟಾದರೂ ಅದು ರಾಣಿಯ ಜೋಡಿಯೆದುರು ತುಸು ಹಿಂದೆಯೇ. ಬಹುಮಾನದ ಹೊಸ್ತಿಲಿನಲ್ಲಂತೂ ಕಳೆದುಕೊಳ್ಳುವ ಚಿಪ್‌ನ ಬೆಲೆ ಗೆಲ್ಲುವ ಚಿಪ್‌ನದಕ್ಕಿಂತ ಹೆಚ್ಚು. ಹಾಗಾಗಿ ಆಲ್-ಇನ್‌ಗೆ ತಾನೇ ಮುನ್ನುಗ್ಗಲು ಸಾಕಾಗುವ ಎಲೆ, ಇನ್ನೊಬ್ಬನ ಆಲ್-ಇನ್‌ಗೆ ಒಪ್ಪಲು ಸಾಲದು. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ.

ಅಮೆರಿಕದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು ಹತ್ತು-ಎರಡು ಹಿಡಿದೇ ಮುಗಿಸಿದರೆಂಬುದನ್ನು ಮುಂದಿಟ್ಟು, ಯಾವ ಎಲೆಯಾದರೂ ಆದೀತು ಎಂದು ವಾದಿಸುವವರಿದ್ದಾರೆ. ಆ ಎರಡೂ ಸಲ ಮೇಜಿನಲ್ಲಿ ಉಳಿದಿದ್ದವರು ಇಬ್ಬರೇ, ಮತ್ತು ಇಬ್ಬರೇ ಇರುವಲ್ಲಿ ಸಾಧಾರಣ ಎಲೆಗೂ ಬೆಲೆಯಿದೆ ಎಂಬುದನ್ನು ಅವರು ಮರೆಯುತ್ತಾರೆ. ಒಂಬತ್ತು ಜನರ ನಡುವೆ ಮೊದಲ ಸರದಿ ತನ್ನದಾಗಿದ್ದಾಗ ಬ್ರನ್ಸನ್‌ರಂಥ ಆಟಗಾರ ಅದೇ ಹತ್ತು-ಎರಡನ್ನು ಬದಿಗೆ ತಳ್ಳಿದರೆ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಇತಿ,
ಓದುಗ, ಮೈಸೂರು