ಅವರೆ ಹೂಬಿಟ್ಟ ಮೇಲೆ

ಪ್ರಿಯ ಗೆಳೆಯ,

ದೀಪಾವಳಿಗೆ ನೀನು ಬರೆದ ಪತ್ರ ತಲುಪಿತು. ಮಳೆ ನಿಂತ ಮೇಲೆ ಹಿತ್ತಿಲು ಅಗೆಸಿ ಸೊಪ್ಪಿನ ಮಡಿಗಳನ್ನು ಮಾಡಿಸಿರುವೆ ಎಂದು ಓದಿ ಸಂತೋಷವಾಯಿತು. ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಾನು ಅದೇ ಹೊತ್ತಿಗೆ, ಚಳಿಗಾಲ ಬರುತ್ತಿರುವುದರಿಂದ, ಮಡಿಗಳನ್ನು ಮುಚ್ಚುತ್ತಿದ್ದೇನೆ.

ಮೊದಲು ಅವರೆಯ ಸಂಗತಿ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಬೀಜ ಊರಿ, ಬೇಲಿಗೆ ಹಬ್ಬಿಸಿ, ಬೇಸಿಗೆಯೆಲ್ಲ ನೀರೆರೆದ ಬಳ್ಳಿ ಬರೀ ಎಲೆ ಬಿಟ್ಟುಕೊಂಡು ನಿಂತಿತ್ತು. ನಮ್ಮ ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂವಿಗೆ ಬರುವ ಗಿಡ; ಇಲ್ಲಿಯ ಜೂನ್ ತಿಂಗಳ ಹಗಲು ಸುಮಾರು 15 ಗಂಟೆ. ಸೆಪ್ಟೆಂಬರ್ ಕಳೆಯುವಾಗ ಹೂ ಕಂಡಿತು, ಅಕ್ಟೋಬರ್‌ನ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಬಳ್ಳಿಯೆಲ್ಲ ಕುದಿನೀರು ಸುರಿದಂತೆ ಕಪ್ಪಾಗಿ ಜೋತುಬಿದ್ದಿತು. ಒಂದು ಹೊತ್ತಿನ ಹುಳಿಗಾಗುವಷ್ಟೂ ಕಾಯಿ ಸಿಗಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಗಲಿನ ಉದ್ದವನ್ನು ಲೆಕ್ಕಿಸದೆ ಹೂಬಿಡುವ ತಳಿಯಾದುದರಿಂದ ಬರುವ ವರ್ಷ ಅದನ್ನೇ ಹಾಕಬೇಕೆಂದಿದ್ದೇನೆ. ಹಾಗೆಂದು ಲಕೋಟೆಯಲ್ಲಿ ಬೀಜವಿಟ್ಟು ಕಳಿಸಿಬಿಡಬೇಡ. ಹೊರದೇಶದ ಬೀಜಕ್ಕೆ ಇಲ್ಲಿ ಮೊದಲೇ ಅನುಮತಿ ಬೇಕು.

ಸತ್ತ ಅವರೆ ಬಳ್ಳಿಯನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದೆ. ಸಾರಜನಕ ಹಿಡಿದಿಟ್ಟ ಬೇರಿನ ಗಂಟುಗಳು ಅಲ್ಲಿಯೇ ಕೊಳೆಯಲಿ. ಎಲೆಚುಕ್ಕೆ ಬಂದಿದ್ದ ಟೊಮೇಟೊ ಗಿಡಗಳನ್ನು ಮಾತ್ರ ಗೊಬ್ಬರದ ರಾಶಿಗೆ ಸೇರಿಸದೆ ಕಸಕ್ಕೆ ಹಾಕಿದೆ. ಹೊರಗಿನ ನಲ್ಲಿಯ ನೀರನ್ನು ಒಳಗಿನಿಂದಲೇ ನಿಲ್ಲಿಸಿ ಕೊಳವೆ ಬರಿದು ಮಾಡಿದ್ದೇನೆ, ಇಲ್ಲವಾದರೆ ನೀರು ಗಡ್ಡೆಕಟ್ಟಿ ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ.

ಎಲ್ಲ ಮುಚ್ಚುವ ಈ ಕಾಲದಲ್ಲಿ ನೆಡುವುದೂ ಒಂದಿದೆ, ಅದು ಬೆಳ್ಳುಳ್ಳಿ. ಚಳಿ ಹಿಡಿಯದ ಬೆಳ್ಳುಳ್ಳಿ ಸರಿಯಾಗಿ ಎಸಳೊಡೆಯುವುದಿಲ್ಲ ಎಂಬ ಕಾರಣಕ್ಕೆ ಚಳಿಗಾಲಕ್ಕೆ ಮೊದಲೇ, ದಪ್ಪ ಎಸಳುಗಳನ್ನೇ ಆರಿಸಿ, ಎರಡು ಅಂಗುಲ ಆಳಕ್ಕೆ, ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ಊರಿ, ಮೇಪಲ್ ಮರದ ದರಗನ್ನು ಹುಲ್ಲು ಕತ್ತರಿಸುವ ಯಂತ್ರದಲ್ಲಿ ಪುಡಿಮಾಡಿ ಹೊದಿಸಿದ್ದೇನೆ. ಇಡೀ ಎಲೆ ಹಾಸಿದರೆ ಮಳೆಗೆ ಚಾಪೆಯಂತೆ ಅಂಟಿಕೊಂಡು ಮೊಳಕೆಯನ್ನು ತಡೆಯುತ್ತದೆ. ಜುಲೈ ಹೊತ್ತಿಗೆ ಕೀಳಬಹುದು.

ಕರಿಬೇವಿನ ಕುಂಡ ಸೆಪ್ಟೆಂಬರ್‌ನಲ್ಲೇ ಒಳಗೆ ಬಂದಿದೆ; ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಸಹಿಸದು. ಹೋದ ಚಳಿಗಾಲದಲ್ಲಿ ಎಲೆ ಉದುರಿದ್ದಕ್ಕೆ ಗಾಬರಿಯಾಗಿ ದಿನವೂ ನೀರು ಹಾಕಿ ಒಂದು ಗಿಡದ ಬೇರನ್ನೇ ಕೊಳೆಸಿದೆ. ಈ ಸಲ ಮಣ್ಣು ಒಣಗಿದ ಮೇಲಷ್ಟೇ ನೀರು. ಒಗ್ಗರಣೆಗೆ ಮೂರೇ ಎಲೆ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ.

ನಿನ್ನ ಹಿತ್ತಿಲಿನ ಅವರೆ ಹೂವಿಗೆ ಬಂದ ತಾರೀಖನ್ನು ಮರೆಯದೆ ಬರೆ, ನನ್ನ ಬಳ್ಳಿಯ ತಾರೀಖಿನ ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ