ಡಿಗ್ರಿ ಜೊತೆ ತೇವಾಂಶನೂ ಹಾಕಿ ಸಾರ್

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಶುರುವಾಯ್ತಂದ್ರೆ ಪೇಪರ್‌ಗಳಲ್ಲಿ ಬರೋದು ಎರಡೇ ಸಲಹೆ, ಬಿಸಿಲಲ್ಲಿ ಓಡಾಡಬೇಡಿ, ನೀರು ಜಾಸ್ತಿ ಕುಡೀರಿ. ಮನೇಲಿರೋರಿಗೆ ಸಾಕು ಬಿಡಿ. ಆದ್ರೆ ರಜಾ ಬಂದ್ರೆ ಖುಷಿಗೆ ಅಂತ ಸೈಕಲ್ ಹತ್ತಿ 40-50 ಕಿಲೋಮೀಟರ್ ಹೋಗಿಬರೋ ನನ್ನಂಥೋರಿಗೆ ಇದು ಸಾಲಲ್ಲ, ಎರಡನೇ ಸಲಹೆ ಅಂತೂ ಕೆಲವು ಸಲ ಉಲ್ಟಾ ಹೊಡೆಯುತ್ತೆ.

ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡೋ ಶಕ್ತೀಲಿ ಪೆಡಲ್‌ಗೆ ಹೋಗೋದು ಹೆಚ್ಚು ಕಮ್ಮಿ ಕಾಲು ಭಾಗ ಅಷ್ಟೇ, ಮಿಕ್ಕಿದ್ದೆಲ್ಲ ಶಾಖ ಆಗುತ್ತೆ. ಅಂದ್ರೆ ಮೇಲೆ ಸೂರ್ಯ ಸುಡ್ತಿದ್ರೆ ಒಳಗಡೆ ಬೇರೆ ಒಲೆ ಹಚ್ಚಿಕೊಂಡಿರ್ತೀವಿ. ಈ ಶಾಖ ಹೊರಗೆ ಹೋಗೋಕೆ ಬೆವರು ಬಂದ್ರೆ ಸಾಲದು, ಅದು ಆರಬೇಕು. ಗಾಳೀಲಿ ತೇವ ಜಾಸ್ತಿ ಇದ್ರೆ ಬೆವರು ತೊಟ್ಟಿಕ್ಕುತ್ತೆ ಹೊರತು ಆರಲ್ಲ, ಅದಕ್ಕೇ 32 ಡಿಗ್ರಿಯ ಜಿಗುಟು ಸೆಕೆ 38 ಡಿಗ್ರಿಯ ಒಣ ಬಿಸಿಲಿಗಿಂತ ಜಾಸ್ತಿ ಸುಸ್ತು ಮಾಡಬಹುದು. ನೀವು ದಿನಾ ಡಿಗ್ರಿ ಹಾಕ್ತೀರಿ, ಅದೂ ನೆರಳಲ್ಲಿ ಅಳೆದಿದ್ದು, ನಾವು ಇರೋದು ಕಾದ ಟಾರ್ ರೋಡ್ ಮೇಲೆ.

ಇನ್ನೊಂದು ಮೋಸ ಇದೆ. ಸ್ಪೀಡಲ್ಲಿ ಹೋಗುವಾಗ ಗಾಳಿ ಹೊಡೀತಿರೋದ್ರಿಂದ ಸೆಕೆ ಗೊತ್ತೇ ಆಗಲ್ಲ, ಏರು ಬಂದಾಗ ಸ್ಪೀಡ್ ಇಳಿಯುತ್ತೆ, ಗಾಳಿ ನಿಲ್ಲುತ್ತೆ, ಶ್ರಮ ಮಾತ್ರ ಏರುತ್ತೆ. ಹೋದ ಬೇಸಿಗೇಲಿ ನನಗೆ ಆಗಿದ್ದೂ ಇದೇ, ಯಾವಾಗಲೂ ಹತ್ತೋ ಏರೇ, ಯಾವಾಗಿನ ಸ್ಪೀಡೇ, ಆದ್ರೆ ಎದೆಬಡಿತದ ಮೀಟರ್ ನಿಮಿಷಕ್ಕೆ 145 ತೋರಿಸಬೇಕಾದ ಕಡೆ 170 ದಾಟಿತ್ತು, ನಾನು ಮೀಟರ್ ಕೆಟ್ಟಿದೆ ಅಂತ ಅದಕ್ಕೇ ಬೈಕೊಂಡು ತುಳಿದೆ! ಆಮೇಲೆ ಅಷ್ಟು ಬಿಸಿಲಲ್ಲಿ ಮೈ ಜುಮ್ ಅಂದು ಚಳಿ ಹತ್ತಿತು. ಜೊತೇಲಿದ್ದ ಫ್ರೆಂಡ್ ಎಳೆದು ನೆರಳಲ್ಲಿ ಕೂರಿಸಿ ಬಾಟಲ್ ನೀರೆಲ್ಲ ತಲೆ ಮೇಲೆ ಸುರಿದ, ಬಚಾವಾದೆ. ಮೀಟರ್ ಸರಿಯಾಗೇ ಇತ್ತು, ರಕ್ತ ಚರ್ಮ ತಂಪು ಮಾಡೋಕೂ ಕಾಲಿಗೂ ಎರಡೂ ಕಡೆ ಹೋಗಬೇಕಲ್ಲ, ಹೃದಯ ಡಬಲ್ ಡ್ಯೂಟಿ ಮಾಡ್ತಿತ್ತು.

ನೀರಿನ ವಿಷ್ಯ. ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರಿಂದ ಹಿಡಿದು 2 ಲೀಟರ್‌ವರೆಗೂ ಬೆವರು ಹೋಗಬಹುದು, ಒಬ್ಬೊಬ್ಬರಿಗೆ ಒಂದೊಂದು ತರ. ಹೋಗೋ ಮುಂಚೆ, ಬಂದ ಮೇಲೆ ತೂಕ ನೋಡಿಕೊಂಡ್ರೆ ನಿಮ್ಮ ಲೆಕ್ಕ ಸಿಗುತ್ತೆ, 1 ಕೆಜಿ ಇಳಿದಿದ್ರೆ ಸುಮಾರು 1 ಲೀಟರ್ ಹೋಗಿದೆ ಅಂತ, ದಾರೀಲಿ ಕುಡಿದಿದ್ದನ್ನೂ ಅದಕ್ಕೆ ಕೂಡಿಸಿಕೊಳ್ಳಬೇಕು. ಹಾಗಂತ ಗಂಟೆಗಟ್ಟಲೆ ಬರೀ ನೀರೇ ಬಾಯಾರಿಕೆ ಮೀರಿ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಕವಿಯೋದು ಎಲ್ಲ ಆಗುತ್ತೆ, ನೋಡಿದೋರು ಪಾಪ ನೀರು ಸಾಲದೆ ಹೀಗಾಯ್ತು ಅಂತ ಇನ್ನೂ ಕುಡಿಸ್ತಾರೆ.

ಸವಾರ ಅಸಂಬದ್ಧ ಮಾತಾಡೋಕೆ ಶುರು ಮಾಡಿದ್ರೆ, ತೂರಾಡಿದ್ರೆ, ಅದು ಸುಸ್ತಲ್ಲ, ಮೈ ಒಳಗೆ 40 ಡಿಗ್ರಿ ದಾಟಿರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡಿ ಅದು ಬರೋವರೆಗೂ ಮೈಗೆಲ್ಲ ನೀರು ಹಾಕಿ ಗಾಳಿ ಬೀಸ್ತಾನೇ ಇರಬೇಕು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಪ್ರಜ್ಞೆ ಸರಿ ಇಲ್ಲದೋರ ಬಾಯಿಗೆ ನೀರು ಹಾಕಲೂಬಾರದು.

ಸೈಕಲ್ ಬಿಡಿ ಅಂತ ನಾನು ಹೇಳ್ತಿಲ್ಲ, ನಾನೇ ಬಿಡಲ್ಲ. ದೇಹ ಬಿಸಿಲಿಗೆ ಒಗ್ಗೋಕೆ ಒಂದೆರಡು ವಾರ ಬೇಕು, ಅಲ್ಲಿವರೆಗೂ ದೂರ ಕಮ್ಮಿ ಮಾಡಿ ಮೆಲ್ಲಗೆ ತುಳಿದ್ರೆ ಆಯ್ತು, ಸೂರ್ಯ ಹುಟ್ಟೋ ಹೊತ್ತಿಗೆ ಹೊರಟ್ರೆ ಇನ್ನೂ ಒಳ್ಳೇದು, ಸಂಜೆ ರೋಡು ಇನ್ನೂ ಬಿಸಿ ಕಕ್ತಾ ಇರುತ್ತೆ.

ನಿಮ್ಮಲ್ಲಿ ಕೇಳೋದು ಇಷ್ಟೇ, ಹವಾಮಾನದ ಮೂಲೇಲಿ ಡಿಗ್ರಿ ಪಕ್ಕ ತೇವಾಂಶ ಎಷ್ಟಿದೆ ಅಂತಾನೂ ಒಂದು ಅಂಕಿ ಹಾಕಿ. ಜಾಗ ಇಲ್ಲ ಅನ್ನೋದಾದ್ರೆ ರಾಶಿಫಲದಲ್ಲಿ ಅರ್ಧ ಸಾಲು ಕಿತ್ತರೆ ಸಾಕು.

ಇತಿ,
ಒಬ್ಬ ಸೈಕಲ್ ಸವಾರ